ಅನಂತಕ್ಕಿಂತ ದೊಡ್ಡ ಅನಂತ (ಗಣಿತದ ಕಥೆಗಳು, ಭಾಗ 4)

ಹೋದ ಭಾಗದಲ್ಲಿ ಗೆಲಿಲಿಯೋ ಹತ್ರ ನಿಲ್ಸಿದ್ವಿ, ನೆನಪಿದೆಯಾ? 1638ರ ಪುಸ್ತಕದಲ್ಲಿ ಅವನಿಗೆ ಕಾಡಿದ್ದು ಇದು: 1, 4, 9, 16 ಹೀಗೆ ವರ್ಗಸಂಖ್ಯೆಗಳು ಮುಂದೆ ಹೋದಷ್ಟೂ ಅಪರೂಪ ಆಗ್ತವೆ. ಆದ್ರೂ ಪ್ರತಿ ಸಂಖ್ಯೆಗೂ ಅದರದ್ದೇ ಒಂದು ವರ್ಗ ಇದೆ. ಜೋಡಿ ಮಾಡ್ತಾ ಹೋದ್ರೆ ಯಾವ ಕಡೆಯೂ ಏನೂ ಉಳಿಯಲ್ಲ! ಅನಂತದಲ್ಲಿ ಹೆಚ್ಚು, ಕಡಿಮೆ, ಸಮ ಅನ್ನೋ ಮಾತೇ ಸಲ್ಲದು ಅಂತ ಹೇಳಿ ಅವನು ಕೈತೊಳೆದುಕೊಂಡ.

235 ವರ್ಷ ಆದ ಮೇಲೆ, 1873ರಲ್ಲಿ, ಜರ್ಮನಿಯ ಹಾಲೆ ಊರಿನ 28 ವರ್ಷದ ಮೇಷ್ಟ್ರು ಗೇಯಾರ್ಗ್ ಕ್ಯಾಂಟರ್ ಆ ಜೋಡಿ ಮಾಡೋದನ್ನೇ ಅಳತೆಗೋಲು ಮಾಡಿಕೊಂಡ. ಮದುವೆ ಮನೆ ಪಂಕ್ತಿ ನೆನಪಿಸಿಕೊಳ್ಳಿ. ಖಾಲಿ ಎಲೆ ಇಲ್ಲ, ಎಲೆ ಸಿಗದೆ ನಿಂತವರೂ ಇಲ್ಲ ಅಂದ್ರೆ ಎರಡೂ ಸಮ. ಎಣಿಸೋದೇ ಬೇಡ. ಕಾರ್ಡಿನಾಲಿಟಿ ಅಂದ್ರೆ ಇಷ್ಟೇ. ಈ ಲೆಕ್ಕದಲ್ಲಿ ಭಿನ್ನರಾಶಿಗಳೂ 1, 2, 3ರಷ್ಟೇ!

ಹಾಗಾದ್ರೆ ದಶಮಾಂಶಗಳೆಲ್ಲ ಸೇರಿದ ವಾಸ್ತವ ಸಂಖ್ಯೆಗಳು? ನವೆಂಬರ್‌ನಲ್ಲಿ ಗೆಳೆಯ ಡೆಡೆಕಿಂಡ್‌ಗೆ ಪತ್ರ ಬರೆದು ಕೇಳಿದ. ಡಿಸೆಂಬರ್ 7ಕ್ಕೆ ತಾನೇ ಉತ್ತರ ಬರೆದ: ಜೋಡಿ ಆಗಲ್ಲ.

ನಮಗೆ ಸುಲಭವಾಗಿ ಹಿಡಿಯೋದು ಅವನ 1891ರ ವಾದ. 0 ಮತ್ತು 1ರ ನಡುವಿನ ಎಲ್ಲ ಸಂಖ್ಯೆಗಳನ್ನೂ ಸಾಲಾಗಿ ಪಟ್ಟಿ ಮಾಡಿದ್ದೀನಿ ಅಂತ ಯಾರೋ ಹೇಳ್ತಾರೆ ಅನ್ಕೊಳ್ಳಿ. ಮೊದಲ ಸಾಲಿನ ಮೊದಲ ಅಂಕಿ, ಎರಡನೇ ಸಾಲಿನ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯಿರಿ. ಅಲ್ಲಿ 5 ಇದ್ರೆ 6 ಬರೀರಿ, ಬೇರೆ ಏನಿದ್ರೂ 5 ಬರೀರಿ. ನೀವು ಬರೆದ ಹೊಸ ಸಂಖ್ಯೆ ಪ್ರತಿ ಸಾಲಿನ ಜೊತೆಗೂ ಕನಿಷ್ಠ ಒಂದು ಜಾಗದಲ್ಲಿ ಜಗಳ ಆಡುತ್ತೆ. ಅಂದ್ರೆ ಅದು ಪಟ್ಟಿಯಲ್ಲೇ ಇಲ್ಲ. ಎಷ್ಟೇ ಜಾಣತನದ ಪಟ್ಟಿ ತಂದ್ರೂ ಇದೇ ಗತಿ.

ಬರ್ಲಿನ್‌ನ ದೊಡ್ಡ ಪ್ರೊಫೆಸರ್ ಕ್ರೋನೆಕರ್‌ಗೆ ಇದ್ಯಾವುದೂ ಗಣಿತ ಅನ್ನಿಸಲೇ ಇಲ್ಲ. ಕ್ಯಾಂಟರ್ ಆಸೆಪಟ್ಟ ಬರ್ಲಿನ್ ಹುದ್ದೆ ಕೊನೆಗೂ ಸಿಗಲಿಲ್ಲ. 1884ರಲ್ಲಿ ಮನಸ್ಸು ಕುಸಿಯಿತು. ಕ್ರೋನೆಕರ್‌ನೇ ಅವನಿಗೆ ಹುಚ್ಚು ಹಿಡಿಸಿದ ಅಂತ ರೀಲ್ಸ್‌ನಲ್ಲೆಲ್ಲ ಹೇಳ್ತಾರೆ. ನಾನು ಒಪ್ಪಲ್ಲ. ಕ್ರೋನೆಕರ್ 1891ರಲ್ಲೇ ತೀರಿಕೊಂಡ, ಕಾಯಿಲೆ ಮಾತ್ರ ಮತ್ತೆ ಮತ್ತೆ ಬಂತು. 1918ರ ಜನವರಿಯಲ್ಲಿ, ಯುದ್ಧ ಇನ್ನೂ ನಡೀತಿದ್ದಾಗ, ಹಾಲೆಯ ಮಾನಸಿಕ ಆಸ್ಪತ್ರೆಯಲ್ಲೇ ಕ್ಯಾಂಟರ್ ಕೊನೆಯುಸಿರೆಳೆದ.

ಒಂದು ಪ್ರಶ್ನೆ ಅವನ ಕೈಲಿ ಬಗೆಹರಿಯದೆ ಉಳೀತು: ಈ ಎರಡು ಅನಂತಗಳ ನಡುವೆ ಇನ್ನೊಂದು ಇದೆಯಾ? ಇಲ್ಲ ಅಂತಲೇ ಅವನ ನಂಬಿಕೆ. 1963ರಲ್ಲಿ ಪಾಲ್ ಕೋಹೆನ್ ಅದಕ್ಕೆ ಕೊಟ್ಟ ವಿಚಿತ್ರ ಉತ್ತರ ಭಾಗ 5ರಲ್ಲಿ. ಅಲ್ಲಿವರೆಗೆ ನಿಮ್ಮ ಊಹೆ ಕಾಮೆಂಟ್ ಮಾಡಿ 👇

#ಗಣಿತದಕಥೆಗಳು #ಅನಂತ