ಅಂಬಲಿಯೊಳಗಿನ ಹುಳಿ

ಎಳ್ಳ ಅಮಾವಾಸ್ಯೆಯ ದಿನ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹೊಲಕ್ಕೆ ಹೋದವರು ಅಂಬಲಿಯ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ. ಜೋಳಕ್ಕೆ ಮಜ್ಜಿಗೆ ಕೂಡಿಸಿ ಹುಳಿ ಬರಿಸಿದ ಅಂಬಲಿಯ ಗಡಿಗೆಯನ್ನು ತಲೆಯ ಮೇಲೆ ಹೊತ್ತು ತಂದು, ಭೂಮಿತಾಯಿಯನ್ನು ಪೂಜಿಸಿ, ಹೊಲಕ್ಕೆಲ್ಲ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿಯ ಜೊತೆಗೆ ಬಂದವರಿಗೆಲ್ಲ ಬಡಿಸುತ್ತಾರೆ. ಈ ಭಜ್ಜಿ ನಮ್ಮ ಸಂಜೆಯ ಕರಿದ ಬಜ್ಜಿಯಲ್ಲ. ಹಸಿ ಕಡಲೆ, ತೊಗರಿ, ಬಟಾಣಿ, ಸೊಪ್ಪುಗಳೆಲ್ಲ ಬೆರೆತ ಪಲ್ಯ, ಮರಾಠಿಯ ‘ಭಾಜಿ’ಗೆ ನೆಂಟ.

ಅಂಬಲಿಗೂ ಅತ್ತ ಕಡೆ ನೆಂಟರುಂಟು. ಸಂಸ್ಕೃತದ ‘ಅಮ್ಲ’ ಪ್ರಾಕೃತದವರ ಬಾಯಿಗೆ ಬಿದ್ದಾಗ ಮಕಾರಕ್ಕೂ ಲಕಾರಕ್ಕೂ ನಡುವೆ ಒಂದು ಬಕಾರ ನುಸುಳಿತು. ‘ಆಮ್ರ’ ಹೋಗಿ ‘ಅಂಬ’, ‘ತಾಮ್ರ’ ಹೋಗಿ ‘ತಂಬ’ ಆದ ಜಾಡಿನಲ್ಲೇ ‘ಅಮ್ಲ’ವು ಪಾಲಿ, ಪ್ರಾಕೃತಗಳಲ್ಲಿ ‘ಅಂಬಿಲ’ವಾಯಿತು, ಅದರಿಂದ ಮರಾಠಿಯ ‘ಆಂಬೀಲ’ ಬಂತು, ತೆಲುಗಿನವರಲ್ಲೂ ನಮ್ಮಲ್ಲೂ ‘ಅಂಬಲಿ’ ನೆಲೆಸಿತು, ಹಳೆಯ ಕನ್ನಡದಲ್ಲಿ ‘ಅಂಬಕಳ’ವೆಂಬ ರೂಪವೂ ಬಳಕೆಯಲ್ಲಿತ್ತು, ಹಳ್ಳಿಯ ನಾಲಗೆಯಲ್ಲಿ ಇಂದಿಗೂ ಅದು ‘ಅಂಬ್ಲಿ’. ಜೈನರ ‘ಆಯಂಬಿಲ’ ವ್ರತದ ಹೆಸರಿನಲ್ಲೂ ಇದೇ ಅಂಬಿಲ ಕುಳಿತಿದೆ. ಎಲ್ಲೆಡೆಯೂ ಬೀಜಾರ್ಥ ಒಂದೇ, ಹುಳಿ.

ಆದರೆ ಪದ ಬೀಜಕ್ಕೆ ಕಟ್ಟುಬಿದ್ದು ಇರುವುದಿಲ್ಲವಲ್ಲ! ದಕ್ಷಿಣಕ್ಕೆ ಇಳಿದಂತೆ ಅಂಬಲಿ ರಾಗಿಯದಾಯಿತು, ಹುಳಿ ಬಂದಿರಲಿ ಬಾರದಿರಲಿ ತೆಳ್ಳಗೆ ಕುದಿಸಿದ ಹಿಟ್ಟೆಲ್ಲ ಅಂಬಲಿಯೆನಿಸಿತು. ರುಚಿಯ ಹೆಸರು ಹದದ ಹೆಸರಾಯಿತು, ಹದದ ಹೆಸರು ಬಡತನದ ಹೆಸರಾಯಿತು. ಕಂಬಳಿಯೊಡನೆ ಪ್ರಾಸ ಕೂಡಿಸಿಕೊಂಡು ಇಲ್ಲದವರ ಆಸ್ತಿಯೆನಿಸಿತು, ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂಬ ಗಾದೆಯಲ್ಲಿ ನಗೆಗೂ ಈಡಾಯಿತು. ಅದೇ ಅಂಬಲಿಯನ್ನು ಶರಣರ ಕಥೆ ಎತ್ತಿ ಹಿಡಿದ ಬಗೆಯನ್ನು ನೋಡಿ: ಚೋಳರಾಜನ ನೈವೇದ್ಯವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿಗೆ ಬಂದ. ಆ ಚೆನ್ನಯ್ಯನನ್ನೇ ಬಸವಣ್ಣನವರು ತಮ್ಮ ಹಿರಿಯನೆಂದು ಹೇಳಿಕೊಂಡರು.

ಈಗ ಈ ಪದದೊಳಗಿನ ಹುಳಿ ವೈದ್ಯರ ಅಂಗಳಕ್ಕೂ ಕಾಲಿಟ್ಟಿದೆ, ಹುಳಿ ಬರಿಸುವವು ಬ್ಯಾಕ್ಟೀರಿಯಾಗಳೇ ಅಲ್ಲವೇ. ಮೈಯ ಕಾವಲುಪಡೆ ತನ್ನವರನ್ನೇ ಹಗೆಯೆಂದು ಬಗೆದು ಕೀಲನ್ನೋ ಕರುಳನ್ನೋ ಘಾಸಿಗೊಳಿಸುವ ಆಟೊಇಮ್ಯೂನ್ ಕಾಯಿಲೆಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಕೈವಾಡವೆಷ್ಟು ಎಂಬ ಶೋಧ ನಡೆದಿದೆ. ನಮಗೆ ಅರಗದ ನಾರನ್ನು, ಅಂದರೆ ಆ ಭಜ್ಜಿಯ ಕಾಳು ಸೊಪ್ಪಿನಲ್ಲಿ ಇರುವಂಥದನ್ನು, ಅವು ಉಂಡು ಬ್ಯುಟಿರೇಟ್‌ನಂಥ ಆಮ್ಲಗಳನ್ನು (ನಮ್ಮ ‘ಅಮ್ಲ’ವೇ ಇಲ್ಲಿ ಮತ್ತೆ ಬಂತು) ಬಿಡುತ್ತವೆ, ಕಾವಲುಪಡೆಯನ್ನು ತಣಿಸುವ ಜೀವಕೋಶಗಳು ಕರುಳಿನಲ್ಲಿ ಹೆಚ್ಚಲು ಬ್ಯುಟಿರೇಟ್ ನೆರವಾಗುವುದನ್ನು 2013ರಲ್ಲಿ ಇಲಿಗಳಲ್ಲಿ ಕಂಡರು. ಅದೇ ವರ್ಷ ನ್ಯೂಯಾರ್ಕಿನಲ್ಲಿ, ರುಮಟಾಯ್ಡ್ ಸಂಧಿವಾತ ಹೊಸದಾಗಿ ತಗುಲಿದವರ ಕರುಳಿನಲ್ಲಿ ಪ್ರಿವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾ ಹೆಚ್ಚಿದ್ದುದು ಕಂಡಿತು. ಆದರೆ ಪ್ರಿವೊಟೆಲ್ಲಾ ಕುಲವು ಕಾಳುಕಡಿ ಉಣ್ಣುವ ನಮ್ಮ ದೇಶದ ಆರೋಗ್ಯವಂತರಲ್ಲೂ ಧಾರಾಳವಾಗಿದೆ. ಇಂಥ ಕಡೆ ಒಂದು ಹೆಸರು ಹಿಡಿದು ಅಪರಾಧಿಯೆನ್ನುವುದು ಅವಸರ. 2021ರಲ್ಲಿ ಸ್ಟ್ಯಾನ್‌ಫರ್ಡಿನವರು 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ 10 ವಾರ ಆಹಾರ ಬದಲಿಸಿ ನೋಡಿದರು. ಹುಳಿ ಬಂದ, ಹುದುಗಿದ ಆಹಾರ ಉಂಡ ಗುಂಪಿನ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಅವರು ರೋಗಿಗಳಲ್ಲ, ಉಂಡದ್ದು ಅಂಬಲಿಯೂ ಅಲ್ಲ. ಕೀಲುಬಾವು ಇದ್ದವರು ಅಂಬಲಿಯನ್ನು ನಂಬಿ ವೈದ್ಯರ ಮದ್ದನ್ನು ನಿಲ್ಲಿಸಬಾರದು.

ಇಷ್ಟಾದರೂ ಪದಪ್ರಿಯರಾದ ನಮಗೆ ಇಲ್ಲೊಂದು ಮಾತು ಉಳಿಯಿತು. ಹುಳಿ ಬಂದ ಹಿಟ್ಟನ್ನು ಕುದಿಸಿದರೆ ಹುಳಿ ಬರಿಸಿದ ಜೀವಿಗಳು ಸಾಯುತ್ತವೆ, ಹುಳಿ ಉಳಿಯುತ್ತದೆ. ಆರಿದ ಮೇಲೆ ಮಜ್ಜಿಗೆ ಬೆರೆಸಿದರೆ ಜೀವವೂ ಉಳಿಯುತ್ತದೆ. ಪೊಟ್ಟಣ ಹರಿದು ಬಿಸಿನೀರಿಗೆ ಕಲಕಿ ಅಲ್ಲೇ ಕುಡಿಯುವ ಅಂಬಲಿ ಪುಡಿಯಲ್ಲಿ ಎರಡೂ ಇಲ್ಲ. ಅದನ್ನು ಮಾಲ್ಟ್ ಎನ್ನಿ, ಹಿಟ್ಟಿನ ನೀರೆನ್ನಿ, ಅಂಬಲಿ ಎಂಬ ಹೆಸರನ್ನು ಮಾತ್ರ ಹುಳಿ ಬಂದ ಗಡಿಗೆಗೆ ಬಿಟ್ಟುಕೊಡಿ.