ಗೆರೆ ದಾಟಿ ಊರೂರು ಅಲೆದ ಆಟಗಾರ್ತಿಯರು

ಕೆಂಗೇರಿಯಿಂದ ಮೆಜೆಸ್ಟಿಕ್ ಕಡೆಗೆ ಬರುವ ಹಾದಿಯಲ್ಲಿ, ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ನಾನಾ ರಾಜ್ಯಗಳ ಹೆಣ್ಣುಮಕ್ಕಳು ಅಲ್ಲಿ ತಂಗಿ ತರಬೇತಿ ಪಡೆಯುತ್ತಾರೆ. ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ ಅಂತಹ ಹುಡುಗಿಯರನ್ನು ಮೈಸೂರು ರಸ್ತೆಯ ಬಸ್ಸಿನಲ್ಲಿ ಕಂಡಾಗಲೆಲ್ಲ ನಮಗೆ ನಮ್ಮ ತಂಗಿಯ ನೆನಪಾಗುತ್ತದೆ.

ಅದು ತೊಂಬತ್ತರ ದಶಕದ ಮಾತು. ರಾಜಾಜಿನಗರದ ಒಂದು ಶಾಲೆಯಲ್ಲಿ ಆಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಮಗ್ರಿಬ್‌ಗೆ ಮುಂಚೆ ಮನೆ ಸೇರುತ್ತಿದ್ದಷ್ಟು ದಿನ ಯಾರ ತಕರಾರೂ ಇರಲಿಲ್ಲ. ಒಮ್ಮೆ ಶಾಲೆಯ ತಂಡ ಹಾಸನಕ್ಕೆ ಹೋಗಬೇಕಾಯಿತು. ಎರಡು ರಾತ್ರಿ ಅಲ್ಲೇ ಉಳಿಯಬೇಕು. ಅಬ್ಬಾ ಬೈಯಲಿಲ್ಲ, ಕೂಗಾಡಲೂ ಇಲ್ಲ. “ಆಟ ಆಡು ಬೇಟಿ, ಯಾರು ಬೇಡ ಅಂತಾರೆ? ರಾತ್ರಿ ಹೊರಗೆ ಉಳಿಯೋದು ಮಾತ್ರ ಬೇಡ” ಎಂದರು. ಅಮ್ಮಿ ನಮ್ಮ ಮುಖ ನೋಡಿದರು. ಪಿಯುಸಿ ಓದುತ್ತಿದ್ದ ಅಣ್ಣ ನಾವು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆ ವರ್ಷದ ಕೊನೆಗೆ ಆಕೆ ಆಟವನ್ನೇ ಬಿಟ್ಟಳು.

ಹೆಣ್ಣುಮಕ್ಕಳ ಆಟದ ಚರಿತ್ರೆಯನ್ನು ಓದುತ್ತ ಹೋದಂತೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಸಮಾಜದ ತಕರಾರು ಆಟದ ಮೇಲೆ ಅಷ್ಟಾಗಿ ಇರಲಿಲ್ಲ, ಪ್ರಯಾಣದ ಮೇಲಿತ್ತು. ಹೆಣ್ಣು ತನ್ನ ಕಸುಬಿಗಾಗಿ ಊರು ಬಿಟ್ಟು ಊರಿಗೆ ಹೋಗುವುದು, ಅಲ್ಲಿ ರಾತ್ರಿ ಕಳೆಯುವುದು, ಅದಕ್ಕೆ ಹಣ ಪಡೆಯುವುದು, ಈ ಮೂರೂ ಸೇರಿದಾಗ ಜಗತ್ತಿನ ಎಲ್ಲ ಊರಿನ ಹಿರಿಯರ ಹುಬ್ಬೂ ಗಂಟಿಕ್ಕಿದೆ.

ಮೂರು ತುಂಡಾದ ಅಂಗಳ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲು ಕಟ್ಟಿದ ಆಟ ಅದು. ಮರುವರ್ಷವೇ ಹತ್ತಿರದ ಸ್ಮಿತ್ ಮಹಿಳಾ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಆದರೆ ಹುಡುಗಿಯರು ಬೆವರಿ, ಏದುಸಿರು ಬಿಟ್ಟು, ಚೆಂಡಿಗಾಗಿ ಎಳೆದಾಡುವುದನ್ನು ಅಂದಿನ ಸಭ್ಯ ಸಮಾಜ ಒಪ್ಪುತ್ತಿರಲಿಲ್ಲ. ಅದಕ್ಕೆ ಬೆರೆನ್ಸನ್ ಅಂಗಳವನ್ನು ಗೆರೆ ಎಳೆದು ಮೂರು ಭಾಗ ಮಾಡಿದರು. ಒಂದು ಭಾಗದ ಹುಡುಗಿ ಗೆರೆ ದಾಟಿ ಇನ್ನೊಂದಕ್ಕೆ ಹೋಗುವಂತಿಲ್ಲ. ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ. 1893ರಲ್ಲಿ ಆ ಕಾಲೇಜಿನಲ್ಲಿ ಮೊದಲ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ.

ಬೆರೆನ್ಸನ್ ಅವರನ್ನು ದೂರುವುದು ಸುಲಭ. ಆದರೆ ಆ ಗೆರೆಗಳಿಲ್ಲದಿದ್ದರೆ ಹುಡುಗಿಯರಿಗೆ ಅಂಗಳವೇ ಸಿಗುತ್ತಿರಲಿಲ್ಲವೇನೋ. ನಮ್ಮ ಮನೆಗಳಲ್ಲೂ ಎಷ್ಟೋ ತಾಯಂದಿರು ಹೀಗೆಯೇ ಒಂದು ಗೆರೆ ಒಪ್ಪಿಕೊಂಡು ಮಗಳಿಗೆ ಒಂದು ಬಾಗಿಲು ತೆರೆಸಿದ್ದಾರೆ. ತೊಂದರೆ ಬರುವುದು ಆಮೇಲೆ. ಬಾಗಿಲಿಗಾಗಿ ಎಳೆದ ಗೆರೆ ಬಾಗಿಲು ತೆರೆದ ಮೇಲೂ ಅಳಿಯುವುದಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಇಡೀ ಅಂಗಳದಲ್ಲಿ ಓಡಾಡುವ ನಿಯಮ ನೆಲೆಯೂರಲು 1970ರ ದಶಕ ಬರಬೇಕಾಯಿತು.

ಮೆಹಂದಿ ಹಚ್ಚಿದ ಕೂದಲು

ಕಾಲೇಜುಗಳಿಗಿಂತ ಮುಂಚೆಯೇ ಆ ಗೆರೆಯನ್ನು ಅಳಿಸಿದವರಲ್ಲಿ ಹೊಟ್ಟೆಪಾಡಿಗೆ ಆಡಿದವರೂ ಇದ್ದರು. 1936ರಲ್ಲಿ ಮಿಸೌರಿ ರಾಜ್ಯದ ಕ್ಯಾಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಸಿ.ಎಂ. ಓಲ್ಸನ್ ಎಂಬಾತ ‘ಆಲ್ ಅಮೆರಿಕನ್ ರೆಡ್ ಹೆಡ್ಸ್’ ಎಂಬ ಮಹಿಳಾ ತಂಡ ಕಟ್ಟಿದ. ಆತನ ಹೆಂಡತಿ ಬ್ಯೂಟಿ ಪಾರ್ಲರ್‌ಗಳನ್ನು ನಡೆಸುತ್ತಿದ್ದಳು. ಆಟಗಾರ್ತಿಯರ ಕೂದಲು ಕೆಂಪಗಿರಬೇಕು ಎಂಬುದು ತಂಡದ ಷರತ್ತು. ಹುಟ್ಟಿನಿಂದ ಕೆಂಪಿಲ್ಲದವರು ಬಣ್ಣ ಹಾಕಿಸಿಕೊಳ್ಳಬೇಕಿತ್ತು. ಆ ಬಣ್ಣ ನಮ್ಮ ಮದುವೆ ಮನೆಯ ಮೆಹಂದಿಯದೇ!

ಇವರು ಆಡುತ್ತಿದ್ದುದು ಗಂಡಸರ ತಂಡಗಳ ಎದುರು, ಗಂಡಸರ ನಿಯಮದಲ್ಲೇ. ಇಂದು ಒಂದು ಊರು, ನಾಳೆ ಇನ್ನೊಂದು. ಒಂದೇ ಕಾರಿನಲ್ಲಿ ಒತ್ತಿಕೊಂಡು ಕುಳಿತು ನೂರಾರು ಮೈಲಿ ಹೋಗಿ, ಸಂಜೆ ಆಡಿ, ಮತ್ತೆ ಹೊರಡುವುದು. ಒಂದು ವರ್ಷದಲ್ಲಿ ಸುಮಾರು ಇನ್ನೂರು ಪಂದ್ಯ. ಹೆಚ್ಚಿನವುಗಳಲ್ಲಿ ಗೆಲುವು ಇವರದೇ. ಆದರೂ ನಡುನಡುವೆ ಜನರನ್ನು ನಗಿಸುವ ಚೇಷ್ಟೆಗಳು ಬೇಕು, ತುಟಿಗೆ ಬಣ್ಣ ಬೇಕು. ಗಂಡಸರನ್ನು ಸೋಲಿಸುವ ಹೆಣ್ಣನ್ನು ನೋಡಲು ಜನ ದುಡ್ಡು ಕೊಡುತ್ತಿದ್ದರು, ಆದರೆ ಆಕೆ ಅದನ್ನೊಂದು ತಮಾಷೆಯೆಂಬಂತೆ ಮಾಡಿ ತೋರಿಸಬೇಕಿತ್ತು. 1955ರಲ್ಲಿ ಆರ್ವೆಲ್ ಮೂರ್ ಎಂಬವರು ತಂಡವನ್ನು ಕೊಂಡರು. ಅವರ ಹೆಂಡತಿ ಲೊರೀನ್ ಮೂರ್ ಹನ್ನೊಂದು ವರ್ಷಗಳಲ್ಲಿ ಗಳಿಸಿದ ಅಂಕ 35,426. ತಂಡ ನಿಂತದ್ದು 1986ರಲ್ಲಿ, ಐವತ್ತು ವರ್ಷ ರಸ್ತೆಯಲ್ಲೇ ಬದುಕಿದ ಮೇಲೆ. ಬ್ಯಾಸ್ಕೆಟ್‌ಬಾಲ್‌ನ ನೈಸ್ಮಿತ್ ಗೌರವ ಭವನಕ್ಕೆ ಅದನ್ನು ಸೇರಿಸಿಕೊಂಡದ್ದು 2012ರಲ್ಲಿ.

ಈ ತಂಡದಲ್ಲಿ ಆಡಿ ಪಳಗಿದ ಹೇಜಲ್ ವಾಕರ್ 1949ರಲ್ಲಿ ಹೊರಬಂದು ‘ಅರ್ಕನ್ಸಾಸ್ ಟ್ರಾವೆಲರ್ಸ್’ ಎಂಬ ತನ್ನದೇ ತಂಡ ಕಟ್ಟಿದಳು. ಮಾಲೀಕಳೂ ಅವಳೇ, ವ್ಯವಸ್ಥಾಪಕಿಯೂ ಅವಳೇ. ವಿರಾಮದ ಹೊತ್ತಿನಲ್ಲಿ ಊರಿನ ಗಂಡಸರಿಗೆ ಚೆಂಡು ಬುಟ್ಟಿಗೆ ಹಾಕುವ ಪಂಥ ಒಡ್ಡುತ್ತಿದ್ದಳು. 1965ರವರೆಗೂ ಈ ಅಲೆದಾಟ ನಡೆಯಿತು.

ಫಿಲಡೆಲ್ಫಿಯಾದ ಕಪ್ಪು ಜನರ ಪತ್ರಿಕೆಯೊಂದು 1930ರ ದಶಕದಲ್ಲಿ ಪೋಷಿಸಿದ ‘ಟ್ರಿಬ್ಯೂನ್ ಗರ್ಲ್ಸ್’ ತಂಡದ ಕಥೆ ಇನ್ನೂ ಕಠಿಣ. ಅದರ ತಾರೆ ಓರಾ ವಾಷಿಂಗ್ಟನ್. ವರ್ಣಭೇದದ ಕಾಲದಲ್ಲಿ ಆ ಹೆಣ್ಣುಮಕ್ಕಳು ದಕ್ಷಿಣದ ರಾಜ್ಯಗಳಿಗೂ ಹೋಗಿ ಆಡಿದರು. ಎಲ್ಲಿ ಉಣ್ಣಬಹುದು, ಎಲ್ಲಿ ತಂಗಬಹುದು ಎಂಬುದನ್ನೆಲ್ಲ ಚರ್ಮದ ಬಣ್ಣ ತೀರ್ಮಾನಿಸುತ್ತಿದ್ದ ರಾಜ್ಯಗಳವು. ಟೆನಿಸ್‌ನಲ್ಲೂ ಚಾಂಪಿಯನ್ ಆಗಿದ್ದ ಓರಾ ಬದುಕಿಗೆ ನೆಚ್ಚಿಕೊಂಡದ್ದು ಮನೆಗೆಲಸವನ್ನು. ಆಕೆ ತೀರಿಕೊಂಡದ್ದು 1971ರಲ್ಲಿ, ಗೌರವ ಭವನ ಆಕೆಯ ಹೆಸರು ಸೇರಿಸಿಕೊಂಡದ್ದು 2018ರಲ್ಲಿ.

ನಮ್ಮ ರೈಲು, ನಮ್ಮ ರಂಗಮಂಚ

ನಮ್ಮ ನಾಡಿನಲ್ಲಿ ಇಂತಹ ಸಂಚಾರಿ ವೃತ್ತಿ ತಂಡಗಳು ಆಟದ ಅಂಗಳಕ್ಕಿಂತ ಮೊದಲು ಕಂಡದ್ದು ನಾಟಕದ ಮಂಚದ ಮೇಲೆ. ಆರ್. ನಾಗರತ್ನಮ್ಮ 1958ರಲ್ಲಿ ಮೈಸೂರಿನಲ್ಲಿ ಹೆಂಗಸರೇ ಇರುವ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಕಂಸ, ರಾವಣ, ದುರ್ಯೋಧನ, ಭೀಮ, ಎಲ್ಲರೂ ಅವರೇ. ಮೀಸೆ ಅಂಟಿಸಿಕೊಂಡು ಗದೆ ಹೊತ್ತು ನಿಂತರೆ ಮುಂದಿನ ಸಾಲಿನ ಗಂಡಸರೂ ನಡುಗಬೇಕು. ಗಂಡಸರ ನಿಯಮದಲ್ಲಿ ಆಡಿ ಗೆಲ್ಲುವುದು ಎಂದರೆ ಇದೇ ಅಲ್ಲವೇ? ಪದ್ಮಶ್ರೀ ಬಂದದ್ದು 2012ರಲ್ಲಿ, ಅದೇ ವರ್ಷ ಅವರು ತೀರಿಕೊಂಡರು.

ಆಟದಲ್ಲಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಇದ್ದಾರೆ. 1976ರ ಅಕ್ಟೋಬರ್ 31ರಂದು ಭಾರತದ ಮಹಿಳೆಯರ ಮೊಟ್ಟಮೊದಲ ಕ್ರಿಕೆಟ್ ಟೆಸ್ಟ್ ಆರಂಭವಾದದ್ದು ಬೆಂಗಳೂರಿನಲ್ಲೇ, ನಾಯಕಿ ಶಾಂತಾ. ಮುಂದಿನ ತಿಂಗಳು ಪಾಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಗೆಲುವೂ ಬಂತು. ಆ ತಂಡದವರು ಊರಿಂದೂರಿಗೆ ಹೋಗುತ್ತಿದ್ದುದು ಹೇಗೆ? ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ, ಹಾಸಿಗೆಯನ್ನೂ ಕಿಟ್ಟನ್ನೂ ತಾವೇ ಹೊತ್ತುಕೊಂಡು. ಮಲಗಿದ್ದು ಡಾರ್ಮಿಟರಿಯ ನೆಲದ ಮೇಲೆ. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಆಟದಿಂದ ಸಂಬಳವಿರಲಿಲ್ಲ. ಬದುಕಿಗೆ ಕೆನರಾ ಬ್ಯಾಂಕಿನ ನೌಕರಿ. ಉಳಿದ ಎಷ್ಟೋ ಹುಡುಗಿಯರಿಗೆ ರೈಲ್ವೆಯ ನೌಕರಿ ಆಸರೆಯಾಯಿತು. ಇಂದಿಗೂ ದೇಶದ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ರೈಲ್ವೆ ತಂಡ ಬಲಾಢ್ಯವಾಗಿರುವುದಕ್ಕೆ ಆ ನೌಕರಿಯೂ ಕಾರಣ.

2005ರ ವಿಶ್ವಕಪ್‌ನಲ್ಲಿ ಫೈನಲ್ ತಲುಪಿದ ಭಾರತದ ಆಟಗಾರ್ತಿಯರಿಗೆ ಸಿಕ್ಕಿದ್ದು ಪಂದ್ಯಕ್ಕೆ 1,000 ರೂಪಾಯಿ ಎಂದು ನಾಯಕಿ ಮಿಥಾಲಿ ರಾಜ್ ಮುಂದೊಮ್ಮೆ ಹೇಳಿದರು. ಆ ತಂಡದಲ್ಲಿ ಕರ್ನಾಟಕದ ಪರ ಆಡಿದ್ದ ನೂಶೀನ್ ಅಲ್ ಖದೀರ್ ಕೂಡ ಇದ್ದರು. ಅದೇ ನೂಶೀನ್ 2023ರಲ್ಲಿ ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರು ವಿಶ್ವಕಪ್ ಗೆದ್ದಾಗ ಅವರ ಕೋಚ್ ಆಗಿದ್ದರು. 2022ರಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಪಂದ್ಯ ಶುಲ್ಕ ಘೋಷಣೆಯಾಯಿತು. 2023ರ ಹರಾಜಿನಲ್ಲಿ ಬೆಂಗಳೂರು ತಂಡ ಸ್ಮೃತಿ ಮಂಧಾನಾಗೆ 3.40 ಕೋಟಿ ರೂಪಾಯಿ ಕೊಟ್ಟಿತು.

ಎರಡೂ ಕಥೆಗಳನ್ನು ಎದುರುಬದುರು ಇಟ್ಟು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಕೆಂಪು ಕೂದಲಿನವರಿಗೆ ಕೂಲಿ ಸಿಕ್ಕಿತು, ಗೌರವ ತಡವಾಗಿ ಬಂತು. ಶಾಂತಾ ಅವರ ತಂಡಕ್ಕೆ ದೇಶದ ಹೆಸರಿನ ಗೌರವ ಸಿಕ್ಕಿತು, ಕೂಲಿ ಸಿಗಲಿಲ್ಲ. ಹೆಣ್ಣಿನ ದುಡಿಮೆಗೆ ಎರಡನ್ನೂ ಒಟ್ಟಿಗೆ ಕೊಡಲು ಲೋಕಕ್ಕೆ ಇಷ್ಟು ಕಾಲ ಬೇಕಾಯಿತು.

ಯಾರು ಎಳೆದ ಗೆರೆ?

ಗೆರೆ ಎಳೆಯುವವರು ಮನೆಯವರು ಮಾತ್ರ ಎಂದುಕೊಳ್ಳುವುದೂ ತಪ್ಪು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್‌ನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಆಡದೆ ಹಿಂದಿರುಗಿತು. ಮನೆಯವರು ಕಳಿಸಿದ್ದರು, ಹುಡುಗಿಯರು ಅಂಗಳದವರೆಗೂ ಬಂದಿದ್ದರು. ತಡೆದದ್ದು ತಲೆಯ ಮೇಲೆ ಹಿಜಾಬ್ ಇರಬಾರದೆಂಬ ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮ. ಆ ನಿಯಮ ಬದಲಾದದ್ದು 2017ರಲ್ಲಿ. ಅದೇ ವರ್ಷ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಎರಡನೇ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಟಿ.ವಿ.ಯ ಮುಂದೆ ಕೂತು ನೋಡುವ ಕ್ರಿಕೆಟ್ ಅಲ್ಲದ್ದರಿಂದ ಬಹಳ ಜನರಿಗೆ ಅದು ಗೊತ್ತೇ ಆಗಲಿಲ್ಲ.

ನಮ್ಮ ತಂಗಿಗೆ ಈಗ ಹದಿನೈದರ ಮಗಳು. ವಿಜಯನಗರದಿಂದ ಮೆಟ್ರೋದಲ್ಲಿ ಅಭ್ಯಾಸಕ್ಕೆ ಹೋಗಿಬರುತ್ತಾಳೆ. ಕಳೆದ ವರ್ಷ ಆಕೆಯ ತಂಡ ಮೂರು ದಿನಕ್ಕೆ ದಾವಣಗೆರೆಗೆ ಹೊರಟಿತು. ಒಪ್ಪಿಗೆ ಪತ್ರ ಮೇಜಿನ ಮೇಲಿತ್ತು. ತಂಗಿ ಸಹಿ ಹಾಕುವ ಮುಂಚೆ ಒಂದೊಂದೇ ಕೇಳಿದಳು. ಜೊತೆಗೆ ಯಾವ ಮೇಡಂ ಬರ್ತಾರೆ? ಉಳಿಯೋದೆಲ್ಲಿ? ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ಫೋನ್ ಯಾರ ಹತ್ತಿರ ಇರುತ್ತೆ? ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಸಹಿ ಹಾಕಿದಳು.

ಅಬ್ಬಾ ಅವರ ಭಯ ಸುಳ್ಳಾಗಿರಲಿಲ್ಲ. ಹೆಣ್ಣುಮಕ್ಕಳ ಪ್ರಯಾಣ ಇಂದಿಗೂ ಪೂರ್ತಿ ನಿರ್ಭಯವಲ್ಲ. ಆದರೆ ಭಯಕ್ಕೆ ಉತ್ತರ ಬಾಗಿಲು ಹಾಕುವುದಲ್ಲ, ಇಂತಹ ನಾಲ್ಕು ಪ್ರಶ್ನೆ ಕೇಳುವುದು. ಅಂದು ನಮ್ಮ ಮನೆಯಲ್ಲಿ ಅವನ್ನು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.