ಕಳಿಸಿದವರು, ಕಟ್ಟಿದವರು

ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿದರೆ ಅದು ಮಂಗಳೂರು ಹೆದ್ದಾರಿಗೆ ಬಂದು, ನೆಲಮಂಗಲ ಹಾಯ್ದು, ಪೀಣ್ಯ, ಯಶವಂತಪುರದ ಮೇಲೆ ಮೆಜೆಸ್ಟಿಕ್ ಸೇರುತ್ತದೆ. ಈ ದಾರಿಯಲ್ಲಿ ಯುರೋಪು ಎರಡು ಕಡೆ ಕಾಣಿಸಿಕೊಳ್ಳುತ್ತದೆ. ಕಿಟಕಿ ಪಕ್ಕ ಕೂತವರಿಗೆ ಗೊತ್ತಾಗುವುದಿಲ್ಲ ಅಷ್ಟೆ. ಪೀಣ್ಯದ ಎನ್‌ಟಿಟಿಎಫ್ ಸ್ವಿಟ್ಜರ್ಲೆಂಡಿನ ನೆರವಿನಿಂದ ಹುಟ್ಟಿದ ತರಬೇತಿ ಸಂಸ್ಥೆ. ತುಮಕೂರು ರಸ್ತೆಯಲ್ಲೇ ಇರುವ ಫೋರ್‌ಮನ್ ತರಬೇತಿ ಸಂಸ್ಥೆ 1971ರಲ್ಲಿ ಪಶ್ಚಿಮ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸಹಕಾರದಲ್ಲಿ ಶುರುವಾದದ್ದು. ನಮ್ಮ ಹಳ್ಳಿಗಳ ಹುಡುಗರು ಲೇತ್ ತಿರುಗಿಸಲು ಕಲಿತು ಸಂಬಳದ ಕೆಲಸಕ್ಕೆ ಸೇರಿದ್ದು ಇಂಥ ಜಾಗಗಳಿಂದ. ಅದನ್ನು ಯಾರೂ ‘ಫಾರಿನ್ ಓದು’ ಎಂದು ಕರೆಯಲಿಲ್ಲ.

‘ಸ್ಕಾಲರ್‌ಶಿಪ್’ ಎಂಬ ಮಾತಿಗೆ ಹೋಬಳಿ ಮಟ್ಟದಲ್ಲಿ ಬೇರೆಯೇ ಅರ್ಥವಿದೆ. ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸುವುದು, ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ತುಂಬುವುದು, ಆಧಾರ್ ಜೋಡಣೆಯಾಗಿಲ್ಲವೆಂದು ಬ್ಯಾಂಕಿಗೆ ಓಡುವುದು, ಆಮೇಲೆ ವರ್ಷವಿಡೀ ಒಬ್ಬರನ್ನೊಬ್ಬರು ‘ಬಂತಾ?’ ಎಂದು ಕೇಳಿಕೊಳ್ಳುವುದು. ಸಮುದ್ರದಾಚೆಯ ವಿದ್ಯಾರ್ಥಿವೇತನಗಳ ಕಥೆಯನ್ನು ಇಲ್ಲಿಂದ ನೋಡಿದರೆ ಅದಕ್ಕೆ ಎರಡು ಕವಲು ಕಾಣುತ್ತವೆ. ಒಂದು, ಒಬ್ಬ ಜಾಣನನ್ನು ಆರಿಸಿ ಕಳಿಸುವುದು. ಇನ್ನೊಂದು, ಎರಡು ಸಂಸ್ಥೆಗಳ ನಡುವೆ ದಾರಿ ಕಟ್ಟುವುದು. ನಮ್ಮಲ್ಲಿ ಮೊದಲನೆಯದಕ್ಕೆ ಸಿಕ್ಕ ಗೌರವ ಎರಡನೆಯದಕ್ಕೆ ಸಿಗಲಿಲ್ಲ. ನನ್ನ ತಕರಾರು ಇಷ್ಟೇ.

ಹಣದ ರೂಪ ತಾಳುವುದಕ್ಕೆ ಮುಂಚೆ ಈ ನೆರವು ಅನ್ನದ ರೂಪದಲ್ಲಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಓದಿದ ಒಂದು ತಲೆಮಾರೇ ಹಳೆಯ ಮೈಸೂರಿನಲ್ಲಿತ್ತು. ವಾರಾನ್ನಕ್ಕೆ ಜಾತಿಯ ಬೇಲಿಯೂ ಇತ್ತು. ಆ ಬೇಲಿಯಾಚೆ ಉಳಿದವರಿಗಾಗಿ ಜನಾಂಗವಾರು ಉಚಿತ ವಿದ್ಯಾರ್ಥಿನಿಲಯಗಳೂ ಮಠದ ದಾಸೋಹಗಳೂ ಬೆಳೆದವು. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ವಿದ್ಯಾರ್ಥಿಯ ಕೈಗೆ ದುಡ್ಡು ಕೊಡದೆ ಅವನು ಓದುವ ಜಾಗವನ್ನೇ ಕಟ್ಟಿದ ವ್ಯವಸ್ಥೆ ಅದು. ಈ ಸೀಮೆಗೆ ಹೆಚ್ಚು ಬಾಳಿಕೆ ಬಂದದ್ದೂ ಅದೇ.

ಹೊರದೇಶಕ್ಕೆ ಕಳಿಸುವ ದತ್ತಿಗಳು 19ನೇ ಶತಮಾನದ ಕೊನೆಗೆ ಗಟ್ಟಿಯಾದವು. ಜೆ.ಎನ್. ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ದಾನ ಕೊಡುತ್ತಿರಲಿಲ್ಲ, ಸಾಲ ಕೊಡುತ್ತಿತ್ತು. ದುಡಿದು ತೀರಿಸಿದರೆ ಆ ಹಣ ಮುಂದಿನವನಿಗೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದದ್ದು ಟಾಟಾ ವಿದ್ಯಾರ್ಥಿವೇತನದಲ್ಲಿ. ಟಾಟಾರ ಇನ್ನೊಂದು ಕನಸು ಬೆಂಗಳೂರಿನಲ್ಲೇ ಒಂದು ವಿಜ್ಞಾನ ಸಂಸ್ಥೆ ಕಟ್ಟುವುದಾಗಿತ್ತು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಅದು ಎದ್ದಿತು. ಕಳಿಸುವುದನ್ನೂ ಕಟ್ಟುವುದನ್ನೂ ಒಬ್ಬನೇ ಮನುಷ್ಯ ಒಟ್ಟಿಗೆ ಯೋಚಿಸಿದ್ದು ಅಪರೂಪ.

ಸಂಸ್ಥಾನಗಳ ಲೆಕ್ಕಾಚಾರ ಬೇರೆ. ಅವರಿಗೆ ಬೇಕಿದ್ದುದು ಅಧಿಕಾರಿಗಳು, ಎಂಜಿನಿಯರುಗಳು, ಅಧ್ಯಾಪಕರು. ಆದ್ದರಿಂದ ಹಣದ ಜೊತೆ ಕರಾರೂ ಬರುತ್ತಿತ್ತು: ಓದಿ ಬಂದು ಇಷ್ಟು ವರ್ಷ ಇಲ್ಲೇ ದುಡಿಯಬೇಕು. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರರಿಗೆ ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷದ ನೆರವು ಕೊಟ್ಟಾಗ ಹತ್ತು ವರ್ಷದ ಸೇವೆಯ ಷರತ್ತಿತ್ತು. ಅಂಬೇಡ್ಕರರು ಮಾತಿನಂತೆ 1917ರಲ್ಲಿ ಬರೋಡಾಕ್ಕೆ ಬಂದರು. ಊರು ಅವರಿಗೆ ಮಲಗಲು ಒಂದು ಕೋಣೆ ಕೊಡಲಿಲ್ಲ. ಕರಾರು ಮುರಿದದ್ದು ವಿದ್ಯಾರ್ಥಿಯಲ್ಲ. ಕಳಿಸುವವರು ಮರಳಿ ಬರುವವನಿಗೆ ಜಾಗ ಸಿದ್ಧ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಹಿಯಾದ ದಾಖಲೆ ಬೇಕಿಲ್ಲ.

ಮೈಸೂರು ಸಂಸ್ಥಾನವೂ ದಾಮೋದರದಾಸ್ ದತ್ತಿಯಿಂದ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿತು. ನನಗೆ ಅದಕ್ಕಿಂತ ಕುತೂಹಲದ್ದು ಚನ್ನಪಟ್ಟಣದ ಪ್ರಯೋಗ. ರೇಷ್ಮೆಗೆ ರೋಗ ಬಿದ್ದು ಬೆಳೆಗಾರ ಕಂಗೆಟ್ಟಿದ್ದ ಕಾಲ. 1914ರ ಸುಮಾರಿಗೆ ಸರ್ಕಾರ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿತು. ಹೆಸರು ಅಮೆರಿಕದ್ದು, ಮನುಷ್ಯ ಇಟಲಿಯವನು! ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಎದ್ದಿತು. ರೋಗವಿಲ್ಲದ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಆರಿಸುವ ವಿದ್ಯೆಯನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ರೂಪಿಸಿದ್ದರು. ಯುರೋಪಿನ ಆ ವಿದ್ಯೆ ಬೇಕಾದದ್ದು ಚಾಕಿ ಮನೆಯ ಮುಂದೆ ನಿಂತ ರೈತನಿಗೆ. ಅವನನ್ನು ಮಿಲಾನಿಗೆ ಕಳಿಸಲಾಗದು, ಹಾಗಾಗಿ ಮಿಲಾನಿನ ವಿದ್ಯೆಯನ್ನೇ ಚನ್ನಪಟ್ಟಣಕ್ಕೆ ತಂದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇವತ್ತು ನಡೆಯುವ ಹರಾಜಿನ ಹಿಂದೆ ಇಂಥ ನೂರು ವರ್ಷದ ಕಲಿಕೆಯಿದೆ.

ಕುದೂರಿನ ಪಕ್ಕದ ಹೆದ್ದಾರಿ ಹೋಗಿ ಮುಟ್ಟುವ ಮಂಗಳೂರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಮೋಗ್ಲಿಂಗ್, ಕಿಟೆಲ್ ಹೆಸರು ಕನ್ನಡಿಗರಿಗೆ ಹೊಸದಲ್ಲ. ಕಿಟೆಲ್ ನಿಘಂಟು 1894ರಲ್ಲಿ ಹೊರಬಂದ ಮೇಲೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ಮಿಷನ್ನಿನ ಗುಂಡರ್ಟ್ ತಲಶ್ಶೇರಿಯ ನೆಟ್ಟೂರಿನಲ್ಲಿದ್ದು ಮಲಯಾಳಂ ನಿಘಂಟು ಕಟ್ಟಿದರು. ನೂರು ವರ್ಷದ ಮೇಲೆ, 1959ರಲ್ಲಿ, ಆ ನೆಟ್ಟೂರಿನಲ್ಲೇ ಸ್ವಿಸ್ ಚರ್ಚುಗಳ ನೆರವಿನಿಂದ ಒಂದು ತಾಂತ್ರಿಕ ತರಬೇತಿ ಕೇಂದ್ರ ಶುರುವಾಯಿತು. ಎನ್‌ಟಿಟಿಎಫ್ ಎಂಬ ಹೆಸರಿನ ಮೊದಲ ಅಕ್ಷರ ಆ ಊರಿನದು. ಅದು ಬೆಳೆದು ಪೀಣ್ಯಕ್ಕೆ ಬಂತು.

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಆರಂಭವಾಯಿತು. ಡೇನರು ಯಂತ್ರ ಕೊಟ್ಟರು, ಕಲಿಸಿದರು, ಹೊರಟುಹೋದರು. ಕೇಂದ್ರ ಉಳಿಯಿತು, ರಾಜ್ಯದ ತುಂಬ ಕವಲೊಡೆಯಿತು, ನಮ್ಮ ಕನಕಪುರ, ಮಾಗಡಿಗಳವರೆಗೂ ಬಂತು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡುವ ಹುಡುಗನಿಗೆ ಕೋಪನ್‌ಹೇಗನ್ ಎಲ್ಲಿದೆಯೆಂದು ಗೊತ್ತಿರಬೇಕಿಲ್ಲ.

ಇತ್ತ, ಕಳಿಸುವ ಕವಲಿನಲ್ಲೂ ಕನ್ನಡಕ್ಕೆ ದೊಡ್ಡ ಫಸಲು ಬಂದಿದೆ. ಗಿರೀಶ್ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋದರು. ಹೊರಡುವ ಮುಂಚಿನ ತಳಮಳದಲ್ಲೇ ‘ಯಯಾತಿ’ ಹುಟ್ಟಿತು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದ ಅನಂತಮೂರ್ತಿಯವರು ಇಂಗ್ಲಿಷ್ ಸಾಹಿತ್ಯದಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದರು. ಅದರ ನಡುವೆ ಅಲ್ಲೇ ಕೂತು ‘ಸಂಸ್ಕಾರ’ ಬರೆದರು. ಬ್ರಿಟಿಷರ ದುಡ್ಡಿಗೆ ಬಂದ ಈ ಬಡ್ಡಿಯನ್ನು ಯಾವ ಲೆಕ್ಕಪತ್ರದಲ್ಲೂ ತೋರಿಸಲಾಗದು. ಆದರೆ ಇಬ್ಬರೂ ಮರಳಿ ಬಂದದ್ದು ತಮ್ಮ ಮನಸ್ಸಿನಿಂದ, ಯೋಜನೆಯ ಬಲದಿಂದಲ್ಲ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954–55ರಿಂದ ಇದೆ. ಪರಿಶಿಷ್ಟ ಜಾತಿಯವರು, ಅಲೆಮಾರಿಗಳು, ಭೂಹೀನ ಕೂಲಿಕಾರರ ಮಕ್ಕಳಿಗೆ ಅದು ಬಾಗಿಲು ತೆರೆದಿದೆ. 2022ರಲ್ಲಿ ಅದರ ನಿಯಮಕ್ಕೆ ಒಂದು ಸಾಲು ಸೇರಿತು: ಭಾರತದ ಸಂಸ್ಕೃತಿ, ಇತಿಹಾಸ, ಸಮಾಜವನ್ನು ಕುರಿತ ಸಂಶೋಧನೆಗೆ ಇನ್ನು ಹಣವಿಲ್ಲ. ಜಾತಿಯ ಬಗ್ಗೆ ದೂರ ನಿಂತು ಓದಬೇಕೆಂದವರಿಗೆ ಬಾಗಿಲು ಹಾಕಿದಂತಾಯಿತು. ಅಂಬೇಡ್ಕರರು ಬರೋಡಾದ ನೆರವಿನಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಬರೆದ ಮೊದಲ ಪ್ರಬಂಧಗಳಲ್ಲಿ ಒಂದು ಜಾತಿಯ ಕುರಿತೇ ಇತ್ತು. ರಾಜ್ಯದ ‘ಪ್ರಬುದ್ಧ’ ಯೋಜನೆಯೂ ಪರಿಶಿಷ್ಟ ಜಾತಿ, ಪಂಗಡದವರನ್ನು ಹೊರಗೆ ಕಳಿಸುತ್ತದೆ. ಇವೆಲ್ಲ ಬೇಕು. ಇವೆಲ್ಲವೂ ಒಬ್ಬೊಬ್ಬರನ್ನೇ ಎತ್ತಿ ಆಚೆ ಬಿಡುವ ಏಣಿಗಳು.

ಯುರೋಪು ತನ್ನೊಳಗೆ ಮಾಡಿಕೊಂಡದ್ದು ಬೇರೆ ಬಗೆಯದು, ಅದರ ಮೂಲದಲ್ಲಿ ಒಬ್ಬ ಹೆಣ್ಣುಮಗಳ ಅವಮಾನವಿದೆ. ಇಟಲಿಯ ಸೋಫಿಯಾ ಕೊರ್ರಾದಿ 1950ರ ದಶಕದ ಕೊನೆಗೆ ಫುಲ್‌ಬ್ರೈಟ್ ನೆರವಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ರೋಮಿಗೆ ಮರಳಿದರು. ಅಲ್ಲಿನ ವಿಶ್ವವಿದ್ಯಾಲಯದ ಗುಮಾಸ್ತಿಕೆ ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪ್ರವಾಸ ಮಾಡಿ ಬಂದವರ ಹಾಗೆ ನೋಡಿತು. ಕೊರ್ರಾದಿ ಅದನ್ನು ಮರೆಯಲಿಲ್ಲ. 1969ರಿಂದ ಪಟ್ಟು ಹಿಡಿದು ಮನವಿ ಬರೆದರು, ಒಂದು ದೇಶದಲ್ಲಿ ಓದಿದ್ದನ್ನು ಇನ್ನೊಂದು ದೇಶ ಒಪ್ಪಬೇಕೆಂದು. ಅಷ್ಟರಲ್ಲಿ ಎರಡು ಮಹಾಯುದ್ಧಗಳಲ್ಲಿ ಕಾದಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರ ಎಲಿಸೆ ಒಪ್ಪಂದದ ಬೆನ್ನಿಗೇ ಯುವಜನರ ವಿನಿಮಯಕ್ಕೆಂದು ಜಂಟಿ ಕಚೇರಿ ತೆರೆದಿದ್ದವು. ಕೊನೆಗೆ 1987ರ ಜೂನ್‌ನಲ್ಲಿ ಯುರೋಪಿನ ದೇಶಗಳ ನಡುವೆ ವಿದ್ಯಾರ್ಥಿಗಳ ವಿನಿಮಯಕ್ಕೆಂದು ಎರಾಸ್ಮಸ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಗಡಿ ದಾಟಿದರು. ಯೋಜನೆಗೆ ಹೆಸರು ಕೊಟ್ಟ ಡಚ್ ವಿದ್ವಾಂಸ ಎರಾಸ್ಮಸ್ ಊರೂರು ಅಲೆದು ಓದಿ 1536ರಲ್ಲಿ ತೀರಿಕೊಂಡದ್ದು ಬಾಸೆಲಿನಲ್ಲಿ, ಮಂಗಳೂರಿಗೆ ಮಿಷನ್ ಕಳಿಸಿದ ಅದೇ ಊರಿನಲ್ಲಿ.

ಇಲ್ಲಿ ಹಣಕ್ಕಿಂತ ಮುಖ್ಯವಾದದ್ದು ಅಂಕಗಳ ಒಡಂಬಡಿಕೆ. ವರ್ಷದ ಓದಿಗೆ 60 ಕ್ರೆಡಿಟ್ ಎಂಬ ಅಳತೆ ಬಂತು. ಪದವಿಗಳನ್ನು ಹೋಲುವ ಚೌಕಟ್ಟಿಗೆ ತರುವ 1999ರ ಬೊಲೋನ್ಯಾ ಘೋಷಣೆಗೆ 29 ದೇಶಗಳು ಸಹಿ ಹಾಕಿದವು. ಎರಾಸ್ಮಸ್ಸಿನಲ್ಲಿ ವಿದ್ಯಾರ್ಥಿಗೆ ದುಡ್ಡು ಸಿಗಬೇಕಾದರೆ ಮೊದಲು ಎರಡು ವಿಭಾಗಗಳು ಒಪ್ಪಂದ ಮಾಡಿಕೊಂಡಿರಬೇಕು. ಆ ಮೇಷ್ಟ್ರು ಈ ಮೇಷ್ಟ್ರನ್ನು ಬಲ್ಲವರಾಗಿರಬೇಕು. ವಿದ್ಯಾರ್ಥಿ ಹೋಗಿ ಬಂದ ಮೇಲೂ ದಾರಿ ಉಳಿಯುತ್ತದೆ. ಹಾಗೆಂದು ರಾಜಕೀಯ ಹೊರಗುಳಿಯಿತೆಂದಲ್ಲ. 2014ರಲ್ಲಿ ವಲಸೆಗೆ ಮಿತಿ ಹಾಕುವ ಜನಮತದ ನಂತರ ಸ್ವಿಟ್ಜರ್ಲೆಂಡ್ ಯೋಜನೆಯ ಹೊರಗೆ ಬಿತ್ತು. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ ಹೊರಬಂದು 2021ರಲ್ಲಿ ಟ್ಯೂರಿಂಗ್ ಹೆಸರಿನ ತನ್ನದೇ ಯೋಜನೆ ತೆರೆಯಿತು. 2021–27ರ ಅವಧಿಗೆ ಎರಾಸ್ಮಸ್ ಪ್ಲಸ್ ಎಂಬ ಹೆಸರು ಪಡೆದ ಈ ಯೋಜನೆಯ ಬಜೆಟ್ಟು ಸುಮಾರು 2,600 ಕೋಟಿ ಯೂರೊ. ಅಷ್ಟು ಹಣವಿದ್ದ ಕಡೆ ಜಗಳವೂ ಇರುತ್ತದೆ.

2004ರಲ್ಲಿ ಈ ಬಾಗಿಲು ಎರಾಸ್ಮಸ್ ಮುಂಡುಸ್ ಎಂಬ ಹೆಸರಿನಲ್ಲಿ ಹೊರಗಿನವರಿಗೂ ತೆರೆಯಿತು. ಕನಿಷ್ಠ ಮೂರು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಒಂದು ಸ್ನಾತಕೋತ್ತರ ಪದವಿ ನಡೆಸುತ್ತವೆ. ವಿದ್ಯಾರ್ಥಿ ಎರಡು ದೇಶಗಳಲ್ಲಾದರೂ ಓದಲೇಬೇಕು. ಆಯ್ಕೆಯಾದವರಿಗೆ ಬೋಧನಾಶುಲ್ಕವಿಲ್ಲ, ಮೇಲೆ ತಿಂಗಳಿಗೆ 1,400 ಯೂರೊ. ಇದನ್ನು ಪಡೆಯುವವರ ಪಟ್ಟಿಯಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದಾರೆ.

ಹಾಗಿದ್ದೂ ಕುದೂರು, ಸೋಲೂರು, ತಿಪ್ಪಸಂದ್ರದ ಕಡೆ ಕಿವಿಗೆ ಬೀಳುವ ಮಾತು ಜರ್ಮನಿಯದು: ಅಲ್ಲಿ ಫೀಸೇ ಇಲ್ಲವಂತೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ನಿಜ. ಆದರೆ ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚಾಗಿ 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಫೀಸಿಲ್ಲದ ಓದಿಗೆ ಜಮೀನಿನ ಪಹಣಿ ಹಿಡಿದು ಬ್ಯಾಂಕಿಗೆ ಹೋಗಬೇಕಾದ ವಿಚಿತ್ರ ಇದು. ಬಡ ಮನೆಯ ಮಕ್ಕಳು ಸೋಲುವುದು ಪರೀಕ್ಷೆಯಲ್ಲಲ್ಲ, ಈ ಮುಂಗಡದ ಹೊಸ್ತಿಲಿನಲ್ಲಿ. ಸರ್ಕಾರ ಆ ಮೊತ್ತಕ್ಕೆ ಬರೀ ಖಾತರಿ ನಿಂತರೂ ಸಾಕು, ದಾನ ಬೇಕಿಲ್ಲ.

ನಮ್ಮ ಗ್ರಾಮಾಂತರ ಪದವಿ ಕಾಲೇಜುಗಳು ಯುರೋಪಿನ ಒಂದು ಸಣ್ಣ ಊರಿನ ಕಾಲೇಜಿನ ಜೊತೆ ಕೈಜೋಡಿಸುವ ಯೋಚನೆಯನ್ನೂ ಮಾಡುವುದಿಲ್ಲ. ಅಂಥದ್ದೆಲ್ಲ ಐಐಎಸ್‌ಸಿ, ಐಐಟಿಗಳ ಕೆಲಸ ಎಂಬ ಭಾವನೆ. ಚನ್ನಪಟ್ಟಣದ ಮೊಟ್ಟೆ ಪರೀಕ್ಷೆಗೆ, ಪೀಣ್ಯದ ಲೇತಿಗೆ ಅಂಥ ಸಂಕೋಚ ಇರಲಿಲ್ಲ. ಕುದೂರಿನ ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಅಂತಿಮ ವರ್ಷದ ತರಗತಿಯಲ್ಲಿ ಒಂದು ಪೀರಿಯಡ್ಡನ್ನು ಈ ಮಾತಿಗೆ ಕೊಡಿ. ನಮ್ಮ ಮೂರು ವರ್ಷದ ಪದವಿ ಬೊಲೋನ್ಯಾದ ಮೂರು ವರ್ಷದ ಚೌಕಟ್ಟಿಗೆ ಹತ್ತಿರದ್ದು. ಎರಾಸ್ಮಸ್ ಮುಂಡುಸ್ ಕೋರ್ಸುಗಳಿಗೆ ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಅರ್ಜಿ ಕರೆಯುತ್ತಾರೆ. ಕೊನೆಯ ವರ್ಷದಲ್ಲಿರುವವರೂ ಹಾಕಬಹುದು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಅದಕ್ಕೆ ಬೇಕಾಗಿಲ್ಲ.